ಗುಂಡಿಗಿಂತ ಮೊದಲು ಬಿದ್ದ ಕಡಲಿನ ಏಟು

1944ರ ಜೂನ್ 6. ಹಿಟ್ಲರನ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿಯಲ್ಲಿ ಮಿತ್ರರಾಷ್ಟ್ರಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಕಡಲು ಮತ್ತು ಆಕಾಶದ ಮೂಲಕ ಬಂದಿಳಿದರು. ಈ ದಿನದ ಕಥೆಯನ್ನು ಸಿನಿಮಾಗಳಲ್ಲಿ ನೋಡಿದವರಿಗೆ ನೆನಪಿರುವುದು ಗುಂಡಿನ ಸುರಿಮಳೆ. ಆದರೆ ಕಡಲ ದಾರಿಯಲ್ಲಿ ಬಂದವರಲ್ಲಿ ಎಷ್ಟೋ ಮಂದಿ ಮೊದಲ ಗುಂಡು ಹಾರುವ ಹೊತ್ತಿಗೆ ವಾಂತಿ ಮಾಡಿ ಮಾಡಿಯೇ ಸುಸ್ತಾಗಿದ್ದರು.

ದಾಳಿ ನಡೆಯಬೇಕಿದ್ದದ್ದು ಜೂನ್ 5ರಂದು. ಹವಾಮಾನ ಕೆಟ್ಟಿದ್ದರಿಂದ ಒಂದು ದಿನ ಮುಂದಕ್ಕೆ ಹೋಯಿತು. ಮರುದಿನವೂ ಇಂಗ್ಲಿಷ್ ಕಾಲುವೆ ಶಾಂತವಾಗಿರಲಿಲ್ಲ. ‘ಒಮಾಹಾ’ ಎಂಬ ಗುಪ್ತನಾಮದ ತೀರಕ್ಕೆ ಹೊರಟ ಅಮೆರಿಕದ ಹಡಗುಗಳು ಜರ್ಮನ್ ಫಿರಂಗಿಗಳಿಗೆ ಸಿಗದಂತೆ ದಡದಿಂದ ಸುಮಾರು 18 ಕಿ.ಮೀ. ದೂರದಲ್ಲೇ ಲಂಗರು ಹಾಕಿದವು. ಅಲ್ಲಿಂದ ಮುಂದೆ ಸಣ್ಣ ಹಿಗಿನ್ಸ್ ದೋಣಿಗಳು. ಒಂದೊಂದರಲ್ಲೂ ಮೂವತ್ತರಷ್ಟು ಜನ. ನೇರ ಮರಳಿಗೇ ಏರಬೇಕಾದ ದೋಣಿಯಾದ್ದರಿಂದ ಅದರ ತಳ ಚಪ್ಪಟೆ. ಅಂಥ ದೋಣಿ ಪ್ರತಿ ಅಲೆಗೂ ಎದ್ದು ಬೀಳುತ್ತದೆ. ಮೈಮೇಲೆ ಭಾರವಾದ ಸಾಮಗ್ರಿ ಹೊತ್ತು, ನೀರಿನಲ್ಲಿ ತೊಯ್ದು, ಗಂಟೆಗಟ್ಟಲೆ ಹೀಗೇ ಸಾಗಬೇಕಿತ್ತು.

ಘಾಟಿಯ ಬಸ್ಸಿನಲ್ಲಿ ತಲೆ ತಗ್ಗಿಸಿ ಮೊಬೈಲ್ ನೋಡಿದವರಿಗೆ ಈ ಸಂಕಟ ಗೊತ್ತು. ಒಳಗಿವಿ ‘ದೇಹ ಅಲುಗಾಡುತ್ತಿದೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ದೋಣಿಯ ಎತ್ತರದ ಗೋಡೆಗಳ ನಡುವೆ ನಿಂತವರಿಗೆ ದಿಗಂತವೇ ಕಾಣುತ್ತಿರಲಿಲ್ಲ.

ಸೇನೆಗೆ ಇದು ತಿಳಿಯದ ವಿಷಯವೇನಲ್ಲ. ಸೈನಿಕರಿಗೆ ಮೊದಲೇ ಗುಳಿಗೆ ಮತ್ತು ವಾಂತಿ ಚೀಲ ಹಂಚಲಾಗಿತ್ತು. ಗುಳಿಗೆ ಹಲವರಿಗೆ ನಾಟಲಿಲ್ಲ, ಕೆಲವರಿಗೆ ತೂಕಡಿಕೆ ತಂದಿತು. ಚೀಲ ತುಂಬಿದ ಮೇಲೆ ತಲೆಯ ಹೆಲ್ಮೆಟ್ಟೇ ಪಾತ್ರೆಯಾಯಿತು. ಗುಂಡು ಬಿದ್ದರೂ ಸರಿ, ಈ ದೋಣಿಯಿಂದ ಇಳಿದರೆ ಸಾಕು ಅನ್ನಿಸಿತ್ತು ಎಂದು ಬದುಕುಳಿದ ಅನೇಕರು ಆಮೇಲೆ ಹೇಳಿದ್ದಾರೆ.

ಇವರಿಗೆ ಆಸರೆಯಾಗಬೇಕಿದ್ದವು ನೀರಿನಲ್ಲೂ ತೇಲಬಲ್ಲ ಶರ್ಮನ್ ಟ್ಯಾಂಕುಗಳು. ಸುತ್ತ ಕ್ಯಾನ್ವಾಸ್ ಪರದೆ ಕಟ್ಟಿಕೊಂಡು ತೇಲುವ ಯಂತ್ರಗಳವು. ಒಮಾಹಾದ ಪೂರ್ವ ಭಾಗದಲ್ಲಿ ದಡದಿಂದ ದೂರದಲ್ಲೇ ಕಡಲಿಗಿಳಿಸಿದ 29 ಟ್ಯಾಂಕುಗಳ ಪೈಕಿ 27 ಅಲೆಗಳಿಗೆ ಸಿಕ್ಕಿ ಮುಳುಗಿದವು. ಬಸವಳಿದ ಸೈನಿಕರು ಮಷೀನ್ ಗನ್ನುಗಳ ಎದುರು ಇಳಿದಾಗ ಅಲ್ಲಿ ಬೇಕಾದಷ್ಟು ಟ್ಯಾಂಕುಗಳಿರಲಿಲ್ಲ. ಆ ಒಂದು ತೀರದಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡು ಸಾವಿರಕ್ಕೂ ಹೆಚ್ಚು.

ಪರಿಣಾಮಕಾರಿ ಔಷಧಿಯೊಂದು ಯುದ್ಧ ಮುಗಿದ ಮೇಲೆ ಸಿಕ್ಕಿತು. ಅಲರ್ಜಿಗೆಂದು ತಯಾರಾಗಿದ್ದ ಡ್ರಾಮಮೈನ್ ಪ್ರಯಾಣದ ವಾಕರಿಕೆಯನ್ನೂ ತಡೆಯುತ್ತದೆ ಎಂಬುದು ಅಮೆರಿಕದ ವೈದ್ಯರಿಗೆ ಆಕಸ್ಮಿಕವಾಗಿ ಗೊತ್ತಾಯಿತು. 1948ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸೈನ್ಯದ ಹಡಗಿನಲ್ಲಿ ಅದರ ಪರೀಕ್ಷೆ ನಡೆದು ಒಳ್ಳೆಯ ಫಲ ಕಂಡಿತು.

ನೆಲ-ನೀರು ಎರಡರಲ್ಲೂ ಓಡುವ ಇಂದಿನ ಸೇನಾ ವಾಹನಗಳ ಮುಚ್ಚಿದ ಒಡಲಲ್ಲಿ ಕೂತವರಿಗೂ ದಿಗಂತ ಕಾಣುವುದಿಲ್ಲ. ಅವರನ್ನೂ ಅದೇ ವಾಕರಿಕೆ ಕಾಡುತ್ತದೆ. ದಡದಲ್ಲಿ ಯಾರು ಎದ್ದು ಓಡಿದರು, ಯಾರು ಮರಳಲ್ಲೇ ಬಿದ್ದಿದ್ದರು ಎಂದು ಧೈರ್ಯವನ್ನು ಅಳೆಯುವಾಗ, ಅದಕ್ಕೂ ಮೊದಲು ದೋಣಿಯಲ್ಲಿ ಕಳೆದ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.