ಸೀಮೆಯ ಕಂದಾಚಾರ ಮತ್ತು ಬಾಗಿಲ ಕಂದಾಚಾರ: ಮೈಸೂರಿನ ಯೋಧಕುಟುಂಬಗಳ ನೆಲೆಯ ಪ್ರಶ್ನೆ

ಸೈನ್ಯದ ಇತಿಹಾಸವನ್ನು ಬರೆದವರು ಯುದ್ಧಗಳನ್ನೂ ಕೋಟೆಗಳನ್ನೂ ಒಪ್ಪಂದಗಳನ್ನೂ ವಿಸ್ತಾರವಾಗಿ ವಿವೇಚಿಸಿರುವರು. ಯೋಧನ ಮನೆಯನ್ನು ಕುರಿತು ಬರೆದವರು ವಿರಳ. ಊರಿನಲ್ಲಿಯೇ ಇದ್ದು ಹೊಲವನ್ನು ಉಳುತ್ತ, ಕರೆ ಬಂದಾಗ ಮಾತ್ರ ಆಯುಧ ಹಿಡಿಯುತ್ತಿದ್ದ ಮೀಸಲು ಭಟನು ಪೂರ್ಣಕಾಲದ ಸೇವೆಗೆ ಸೇರಿದಾಗ ಅವನ ಹೆಂಡಿರು ಮಕ್ಕಳೂ ವೃದ್ಧ ತಂದೆತಾಯಿಗಳೂ ಎಲ್ಲಿ ನೆಲಸಬೇಕು? ಆ ನೆಲೆಬದಲಿನ ಹೊರೆಯನ್ನು ಯಾರು ಹೊರಬೇಕು? ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆದೋರಿದೆ. ತುಮಕೂರು ಪ್ರಾಂತವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಅದನ್ನು ಇಲ್ಲಿ ವಿಚಾರಮಾಡುತ್ತೇವೆ.

ಮೊದಲು ಪದವನ್ನು ಕುರಿತು ಒಂದು ಮಾತು. ಇಂದು 'ಕಂದಾಚಾರ'ವೆಂದರೆ ಕುರುಡುನಂಬಿಕೆಯ ಆಚರಣೆ ಎಂದೇ ವಿದ್ಯಾರ್ಥಿಗಳು ತಿಳಿಯುವರು. ಮೈಸೂರಿನ ಹಳೆಯ ಆಡಳಿತಪರಿಭಾಷೆಯಲ್ಲಾದರೋ ಆ ಶಬ್ದಕ್ಕೆ ಸೈನಿಕ ಇಲಾಖೆ ಎಂಬ ಅರ್ಥವಿದ್ದಿತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಇದೇ 'ಅಠಾರ ಕಚೇರಿ'. ಇವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. 'ಸೀಮೆಯ ಕಂದಾಚಾರದ ಚಾವಡಿ'ಯು ನಾಡಿನಲ್ಲಿ ಚದುರಿದ್ದ ದಂಡಿನ ಲೆಕ್ಕವನ್ನೂ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದಿತು. 'ಬಾಗಿಲ ಕಂದಾಚಾರದ ಚಾವಡಿ'ಯು ರಾಜಧಾನಿಯಲ್ಲಿ ನೆಲೆನಿಂತ ದಂಡಿಗೆ ಸಂಬಂಧಿಸಿದ್ದಿತು. ಒಂದು ಸೀಮೆಯದು, ಮತ್ತೊಂದು ಅರಮನೆಯ ಬಾಗಿಲಿನದು. ಸೀಮೆಯಿಂದ ಬಾಗಿಲಿಗೆ ಹೋಗುವುದೆಂದರೆ ಕೇವಲ ಲೆಕ್ಕದ ಪುಸ್ತಕ ಬದಲಾಗುವುದಲ್ಲ, ಒಂದು ಮನೆಯ ಒಲೆಯೇ ಬದಲಾಗುವುದು ಎಂಬುದನ್ನು ಗಮನಿಸಬೇಕು.

ವಸಂತನರಸಾಪುರದ ಸುತ್ತಣ ನಾಡು ಇಂಥ ಸೀಮೆಯೇ ಆಗಿದ್ದಿತು. ದಕ್ಷಿಣಕ್ಕೆ ತುಮಕೂರು, ವಾಯವ್ಯಕ್ಕೆ 1687ರಿಂದ ಮೊಗಲರ ಸುಭಾದ ಕೇಂದ್ರವಾದ ಶಿರಾ. ಇವುಗಳ ಆಚೆಗೆ ಗುಬ್ಬಿಯ ಕಡೆ ಪಾಳೆಯಗಾರರ ಹಾಗಲವಾಡಿ, ಕುಣಿಗಲಿನ ಕಡೆ ಹುಲಿಯೂರುದುರ್ಗ, ಸಮೀಪದಲ್ಲಿ ದೇವರಾಯನದುರ್ಗ. ಬೆಟ್ಟಕ್ಕೊಂದು ಕೋಟೆ, ಊರಿಗೊಂದು ಹುಡೇವು ಇದ್ದ ಈ ನಾಡಿನಲ್ಲಿ ಕಾವಲು ಎಂಬುದು ನಿತ್ಯದ ಅಗತ್ಯ. ಅದನ್ನು ನಡೆಸುತ್ತಿದ್ದ ಕಂದಾಚಾರದ ಆಳು ಹಳ್ಳಿಯವನೇ. ಅವನಿಗೆ ನಗದಿನಲ್ಲಿ ಅಲ್ಪ ವೇತನವೂ ನೆಲದ ರೂಪದಲ್ಲಿ ಉಳಿದ ಪ್ರತಿಫಲವೂ ಸಲ್ಲುತ್ತಿದ್ದವು. ಊರನ್ನು ಬಿಟ್ಟು ಹೊರಗೆ ಹೋಗಬೇಕಾದಾಗ ಭತ್ಯವೂ ದೊರೆಯುತ್ತಿದ್ದಿತು. ಕೋಟೆಯ ಕಾವಲು, ಖಜಾನೆಯ ಬೆಂಗಾವಲು, ಕಳ್ಳಕಾಕರ ನಿಗ್ರಹ ಇವು ಅವನ ಕೆಲಸ. ಈ ಏರ್ಪಾಡಿನಲ್ಲಿ ಸರ್ಕಾರಕ್ಕೆ ವೆಚ್ಚ ಕಡಮೆಯಾದುದಕ್ಕೆ ಕಾರಣ ಸ್ಪಷ್ಟವಾಗಿದೆ: ಭಟನ ಸಂಸಾರವನ್ನು ಅವನ ಹೊಲವೂ, ಅವನು ಇಲ್ಲದಾಗ ಆ ಹೊಲವನ್ನು ನೋಡಿಕೊಳ್ಳುವ ಅಣ್ಣತಮ್ಮಂದಿರೂ, ಮುಯ್ಯಾಳಿಗೆ ಬರುವ ನೆರೆಯವರೂ ಸಾಕುತ್ತಿದ್ದರು. ಅವನನ್ನು ಶಾಶ್ವತವಾಗಿ ಬೇರೆಡೆಗೆ ಒಯ್ದರೆ ಈ ಆಸರೆಗಳೆಲ್ಲ ಒಮ್ಮೆಗೇ ಕಳಚಿಹೋಗುವುವು.

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ನಿಂತ ಸೈನ್ಯ ಬಹುವಾಗಿ ಬೆಳೆದು ಶ್ರೀರಂಗಪಟ್ಟಣವು ದಂಡಿನ ರಾಜಧಾನಿಯಾಯಿತು. ಬಾಗಿಲು ಹಿರಿದಾಯಿತು, ಸೀಮೆ ಕಿರಿದಾಯಿತು. 1779ರಲ್ಲಿ ಚಿತ್ರದುರ್ಗವು ಹೈದರನ ವಶವಾದಾಗ ಅಲ್ಲಿನ ಬೇಡ ಜನರಲ್ಲಿ ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತೆಂದೂ, ಅವರ ಬಾಲಕರಿಂದ ಚೇಲಾ ಪಟಾಲಮುಗಳನ್ನು ಕಟ್ಟಲಾಯಿತೆಂದೂ ಇತಿಹಾಸಕಾರರು ಬರೆದಿರುವರು. ಪಾಳೆಯಗಾರನಲ್ಲಿ ಆ ಜನಕ್ಕಿದ್ದ ನಿಷ್ಠೆ ಊರಿನ ಮಣ್ಣಿನಲ್ಲಿ ಬೇರೂರಿದ್ದಿತು. ಬೇರನ್ನೇ ಕೀಳುವುದು ಈ ಕ್ರಮದ ಉದ್ದೇಶ. ತುಮಕೂರು ಪ್ರಾಂತಕ್ಕೆ ಇನ್ನೂ ಹತ್ತಿರದ ನಿದರ್ಶನ ಶಿರಾದ್ದು. ಟಿಪ್ಪುವು ತಾನು ಕಟ್ಟಿಸಿದ ಶಹರ್ ಗಂಜಾಮನ್ನು ತುಂಬುವುದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲಾತ್ಕಾರವಾಗಿ ಒಯ್ದನೆಂದು ರೈಸರು ಸಂಪಾದಿಸಿದ ಗೆಜೆಟಿಯರಿನಲ್ಲಿದೆ. ಸಂಖ್ಯೆ ಗುಂಡಾಗಿರುವುದರಿಂದ ಅದನ್ನು ಎಣಿಕೆಯೆಂದು ಭಾವಿಸದೆ ಜನಶ್ರುತಿಯ ಅಳತೆಯೆಂದು ಭಾವಿಸುವುದು ಯುಕ್ತ. ಹೀಗೆ ಹೋದವರೆಲ್ಲ ಯೋಧರಲ್ಲವೆಂಬುದೂ ನಿಜ. ಆದರೆ ದಂಡಿನ ರಾಜಧಾನಿಗೆ ನೇಕಾರನೂ ಕಮ್ಮಾರನೂ ವರ್ತಕನೂ ಯೋಧನಷ್ಟೇ ಬೇಕಾಗಿದ್ದರು. ಪೂರ್ಣಕಾಲದ ಸೈನ್ಯವೊಂದು ನೆಲೆನಿಂತಾಗ ಒಂದು ಊರು ತುಂಬುವುದು, ಮತ್ತೊಂದು ಬರಿದಾಗುವುದು. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕನನ್ ಶಿರಾದ ಹಿಂದಿನ ವೈಭವವನ್ನೂ ಅಂದಿನ ಕ್ಷೀಣದೆಸೆಯನ್ನೂ ದಾಖಲಿಸಿರುವನು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸಹಸ್ರಾರು ಮಂದಿ ಸೈನಿಕರು ಒಮ್ಮೆಗೇ ನಿರುದ್ಯೋಗಿಗಳಾದರು. ಬಾಗಿಲಿನ ಅನ್ನ ತಪ್ಪಿದವರಲ್ಲಿ ಸೀಮೆಯ ಹೊಲ ಉಳಿದಿದ್ದವರು ಊರಿಗೆ ಮರಳಬಹುದಾಗಿದ್ದಿತು; ಬೇರು ಕಡಿದುಹೋಗಿದ್ದವರಿಗೆ ಹೋಗಲು ಎಡೆಯೆಲ್ಲಿ? ಧೋಂಡಿಯ ವಾಘನ ಪತಾಕೆಯ ಕೆಳಗೆ ಕೂಡಿದವರಲ್ಲಿ ಹೀಗೆ ಸೇವೆ ತಪ್ಪಿದ ಸೈನಿಕರು ಬಹುಮಂದಿ ಇದ್ದರೆಂಬುದು ಆಶ್ಚರ್ಯವಲ್ಲ. 1800ರ ಸೆಪ್ಟೆಂಬರ್ 10ರಂದು ಅವನು ಹತನಾಗುವವರೆಗೂ ಹೊಸ ಸರ್ಕಾರಕ್ಕೆ ನೆಮ್ಮದಿಯಿರಲಿಲ್ಲ. ಯೋಧನ ಮನೆಯ ಪ್ರಶ್ನೆ ರಾಜ್ಯದ ಭದ್ರತೆಯ ಪ್ರಶ್ನೆಯೂ ಆಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ದಿವಾನ್ ಪೂರ್ಣಯ್ಯನವರ ಸೈನಿಕನೀತಿಯನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಸೈನಿಕವೃತ್ತಿಯ ಮನೆತನಗಳಿಂದ ಮನೆಗೊಬ್ಬನನ್ನಾದರೂ ಸರ್ಕಾರದ ಸೇವೆಗೆ ಸೇರಿಸಿಕೊಳ್ಳುವುದು ಅವರ ನೀತಿಯ ತಿರುಳು. ಅಂಥವನಿಗೆ ಎರಡು ದಾರಿಗಳಿದ್ದವು: 'ಬಾರ್' ಎನಿಸಿಕೊಂಡ ನಿಯತ ಕಾಲ್ದಳ, ಇಲ್ಲವೆ ಊರಿನಲ್ಲಿಯೇ ಇದ್ದು ಮಾಡುವ ಕಂದಾಚಾರದ ಸೇವೆ. ಮನೆಯ ಒಬ್ಬನು ಸೇವೆಯಲ್ಲಿದ್ದರೆ ಉಳಿದವರೆಲ್ಲರ ನಿಷ್ಠೆಗೆ ಅವನೇ ಹೊಣೆ. ಉಳಿದವರು ಹೊಲದಲ್ಲಿದ್ದರೆ ಅವನಿಗೆ ಮನೆಯ ಚಿಂತೆಯಿಲ್ಲ. ಹೈದರನು ಇಡಿಯ ಸಂಸಾರವನ್ನು ರಾಜಧಾನಿಗೆ ತಂದು ಸಾಧಿಸಲೆಳಸಿದುದನ್ನು ಪೂರ್ಣಯ್ಯನವರು ಸಂಸಾರವನ್ನು ಇದ್ದಲ್ಲಿಯೇ ಇರಿಸಿ ಸಾಧಿಸಿದರು. 1804ರಲ್ಲಿ ಮೈಸೂರಿನ ಆಡಳಿತವನ್ನು ಕುರಿತು ವರದಿ ಬರೆದ ವಿಲ್ಕ್ಸನು ಈ ದಿವಾನರ ದಕ್ಷತೆಯನ್ನು ಮೆಚ್ಚಿಕೊಂಡಿರುವನು.

ಇದರ ಮತ್ತೊಂದು ಮುಖ ಸಿಲ್ಲೇದಾರರದು. 1807ರ ಒಪ್ಪಂದದಂತೆ ಸಂಸ್ಥಾನವು 4,000 ಕುದುರೆಗಳ ದಳವನ್ನು ಸದಾ ಸಿದ್ಧವಾಗಿರಿಸಬೇಕಾಗಿದ್ದಿತು. ಇವುಗಳಲ್ಲಿ 500 ಬಾರಗೀರ್, ಉಳಿದವು ಸಿಲ್ಲೇದಾರ್. ಬಾರಗೀರನು ಪರರ ಕುದುರೆಯನ್ನೇರಿದವನು. ಸಿಲ್ಲೇದಾರನ ಕುದುರೆ ಅವನದೇ ಸ್ವತ್ತು. ಕುದುರೆ ಸತ್ತರೆ ಅವನ ಬಂಡವಾಳವೂ ವೃತ್ತಿಯೂ ಕೂಡಿಯೇ ಹೋಗುವುದು. ಇಂಥವನು ಠಾಣ್ಯದಿಂದ ಠಾಣ್ಯಕ್ಕೆ ಹೋಗುವಾಗ ಸಂಸಾರದೊಡನೆ ಕುದುರೆಯ ಹುಲ್ಲು ಹುರುಳಿಗಳ ಚಿಂತೆಯನ್ನೂ ಹೊತ್ತೊಯ್ಯಬೇಕಾಗಿದ್ದಿತು. ಈ ದಂಡುಗಳಿಗೂ ತುಮಕೂರು ಪ್ರಾಂತಕ್ಕೂ ನಂಟು ಉಂಟು: ಸೈನ್ಯಕ್ಕೆ ಕುದುರೆಗಳನ್ನು ಒದಗಿಸುವುದಕ್ಕೆಂದೇ ಬೆಳೆದದ್ದು ಕುಣಿಗಲಿನ ಅಶ್ವಶಾಲೆ.

1892ರಲ್ಲಿ ಸಿಲ್ಲೇದಾರ್ ದಳವನ್ನು ಪುನರ್ರಚಿಸಿ ಎರಡು ರೆಜಿಮೆಂಟುಗಳನ್ನು ಮಾಡಲಾಯಿತು. ಸಾಮ್ರಾಜ್ಯಸೇವೆಯದು ಬೆಂಗಳೂರಿನಲ್ಲಿ, ಸ್ಥಳೀಯಸೇವೆಯದು ಮೈಸೂರಿನಲ್ಲಿ ನಿಂತವು. ಸೀಮೆ ಮತ್ತು ಬಾಗಿಲುಗಳ ಹಳೆಯ ವಿಭಾಗವೇ ಹೊಸ ಹೆಸರಿನಲ್ಲಿ ಮರಳಿತೆನ್ನಬಹುದು. ಆದರೆ ಈಗ ಬಾಗಿಲು ಸಮುದ್ರದ ಆಚೆಗೆ ತೆರೆದಿದ್ದಿತು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರುಗಳು ಈಜಿಪ್ಟಿಗೂ ಪ್ಯಾಲಸ್ತೈನಿಗೂ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ನಗರವನ್ನು ಗೆದ್ದರು. ಅಲ್ಲಿಗೆ ಸಂಸಾರವನ್ನು ಒಯ್ಯುವ ಮಾತೇ ಇಲ್ಲ. ಹೈಫಾದ ವಿಜಯಕ್ಕೆ ಸ್ಮಾರಕಗಳಿವೆ. ಆ ನಾಲ್ಕು ವರ್ಷ ಇಲ್ಲಿ ಮನೆಗಳನ್ನು ನಡೆಸಿದ ಹೆಂಗಸರಿಗೆ ಸ್ಮಾರಕವಿಲ್ಲ. ದಂಡಿನವರು ನೆಲಸಿದ ಗುರುತು ಮೈಸೂರಿನ ಲಷ್ಕರ್ ಮೊಹಲ್ಲಾದಂಥ ಹೆಸರುಗಳಲ್ಲಿ ಮಾತ್ರ ಉಳಿದಿದೆ.

ಊರಿನ ಕಂದಾಚಾರವು 19ನೆಯ ಶತಮಾನದ ಉತ್ತರಾರ್ಧದಲ್ಲಿ, ನಿಯತ ಪೊಲೀಸ್ ವ್ಯವಸ್ಥೆ ಬೆಳೆದಂತೆಲ್ಲ, ಅಳಿದುಹೋಯಿತು. ಅದರ ಹಿಂದಿದ್ದ ವಿಚಾರವಾದರೋ ಅಳಿಯಲಿಲ್ಲ. 1948ರ ಕಾಯಿದೆಯಂತೆ ರೂಪುಗೊಂಡು 1949ರ ಅಕ್ಟೋಬರ್ 9ರಂದು ರಾಜಗೋಪಾಲಾಚಾರಿಯವರಿಂದ ಉದ್ಘಾಟಿತವಾದ ಪ್ರಾದೇಶಿಕ ಸೇನೆಯು, ತನ್ನ ವೃತ್ತಿಯನ್ನು ಬಿಡದ ನಾಗರಿಕನೇ ಅಗತ್ಯ ಬಿದ್ದಾಗ ಯೋಧನಾಗಬೇಕೆಂಬ ತತ್ತ್ವದ ಮೇಲೆಯೇ ನಿಂತಿದೆ. ಅಂಥವನನ್ನು ದೀರ್ಘಕಾಲದ ಸೇವೆಗೆ ಕರೆದಾಗ ಮಕ್ಕಳ ಶಾಲೆ, ಹೆಂಡತಿಯ ಉದ್ಯೋಗ, ಮುದುಕರ ಆರೈಕೆ ಇವುಗಳ ರೂಪದಲ್ಲಿ ಹಳೆಯ ಪ್ರಶ್ನೆಯೇ ಎದ್ದುನಿಲ್ಲುವುದು.

ಇಂದು ವಸಂತನರಸಾಪುರವು ದೊಡ್ಡ ಕೈಗಾರಿಕಾ ಪ್ರದೇಶ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಒಮ್ಮೆ ರಾಜಧಾನಿಗೆ ಕುಟುಂಬಗಳನ್ನು ಕಳೆದುಕೊಂಡ ನಾಡಿಗೆ ಈಗ ಉದ್ಯೋಗವನ್ನರಸಿ ಅನ್ಯ ಪ್ರಾಂತಗಳ ಕುಟುಂಬಗಳು ಬರುತ್ತಿವೆ. ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು: ಮೈಸೂರಿನ ಸೈನಿಕವ್ಯವಸ್ಥೆಗಳನ್ನು ಪಟಾಲಮುಗಳ ಸಂಖ್ಯೆಯಿಂದ ಅಳೆದರೆ ಸಾಲದು, ಭಟನ ಸಂಸಾರ ಎಲ್ಲಿದ್ದಿತು, ಅದನ್ನು ಯಾರು ಸಾಕಿದರು ಎಂಬುದರಿಂದಲೂ ಅಳೆಯಬೇಕು. ಗ್ರಾಮಗಳ ಇನಾಮು ಲೆಕ್ಕಗಳನ್ನೂ ಮನೆತನಗಳ ಕಾಗದಪತ್ರಗಳನ್ನೂ ಈ ದೃಷ್ಟಿಯಿಂದ ಶೋಧಿಸುವ ಕಾರ್ಯವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಂಡರೆ, ಸೀಮೆಯಿಂದ ಬಾಗಿಲಿಗೆ ಹೋದವರ ಹಿಂದೆ ಉಳಿದವರ ಇತಿಹಾಸವೂ ಬೆಳಕಿಗೆ ಬರುವುದು.