ಪದ ಪರಿಚಯ: ನವಕ್ರೈಸ್ತ

ಪೋರ್ಚುಗೀಸಿನ ‘ಕ್ರಿಶ್ತಾಂವ್ ನೋವು’ ಎಂಬ ಜೋಡುಪದಕ್ಕೆ ಕನ್ನಡದ ಸಾಟಿ ‘ನವಕ್ರೈಸ್ತ’. ಮೇಲ್ನೋಟಕ್ಕೆ ಇದು ಹೊಸದಾಗಿ ಕ್ರೈಸ್ತನಾದವನನ್ನು ಸೂಚಿಸುತ್ತದೆ. ಆದರೆ 1497ರಲ್ಲಿ ದೊರೆ ಮನುವೆಲ್ ಪೋರ್ಚುಗಲ್ಲಿನ ಯೆಹೂದಿಗಳಿಗೆ ಬಲವಂತದ ದೀಕ್ಷಾಸ್ನಾನ ಮಾಡಿಸಿದ ಮೇಲೆ ಅವರ ಮೊಮ್ಮಕ್ಕಳು, ಮರಿಮಕ್ಕಳೂ ‘ನವ’ರಾಗಿಯೇ ಉಳಿದರು. ನಂಬಿಕೆ ಬದಲಾದರೂ ರಕ್ತ ಶುದ್ಧವಾಗದು ಎಂಬ ಕ್ರೂರ ಎಣಿಕೆ ಈ ಪದದೊಳಗಿತ್ತು.

ಈ ಎಣಿಕೆ ನಮ್ಮ ನೆರೆಗೂ ಬಂತು. ವಿಜಯಪುರದ ಆದಿಲ್‌ಶಾಹಿಗಳಿಂದ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಸಿದುಕೊಂಡರು. 1560ರಲ್ಲಿ ಅಲ್ಲಿ, ನಂಬಿಕೆ ತಪ್ಪಿದವರೆಂದು ಶಂಕಿಸಿದ ಕ್ರೈಸ್ತರನ್ನು ವಿಚಾರಿಸುವ ಇನ್‌ಕ್ವಿಸಿಷನ್ ನ್ಯಾಯಪೀಠ ನೆಲೆಯೂರಿತು. ಭಾರತದ ಔಷಧಿ ಸಸ್ಯಗಳ ಕುರಿತು 1563ರಲ್ಲಿ ಗೋವೆಯಲ್ಲೇ ಗ್ರಂಥ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ನವಕ್ರೈಸ್ತ. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಆ ನ್ಯಾಯಪೀಠದ ತೀರ್ಪಿನಂತೆ ಅವನ ಸೋದರಿ ಕಟರೀನಾಳನ್ನು ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ಸುಟ್ಟರು.

ಕ್ಯಾಥೊಲಿಕ್ ವಿದ್ವಾಂಸರೆಲ್ಲರೂ ಈ ಭೇದವನ್ನು ಒಪ್ಪಿದವರಲ್ಲ. ಜೆಸ್ಯುಯಿಟ್ ವಾಗ್ಮಿ ಅಂತೋನಿಯೊ ವಿಯೇರಾ ನವಕ್ರೈಸ್ತರ ಪರ ನಿಂತ. ಇನ್‌ಕ್ವಿಸಿಷನ್ ಅವನನ್ನೂ ಸೆರೆಗೆ ತಳ್ಳಿತು. ಆದರೆ ಅವನದೇ ಜೆಸ್ಯುಯಿಟ್ ಸಂಘ ಅದಕ್ಕೂ ಮುಂಚೆ, 1593ರಲ್ಲೇ, ಯೆಹೂದಿ ಮೂಲದವರಿಗೆ ಬಾಗಿಲು ಮುಚ್ಚಿತ್ತು. ಆ ನಿಯಮ ಪೂರ್ತಿ ಅಳಿದದ್ದು 1946ರಲ್ಲಿ, ಹಿಟ್ಲರನ ನರಮೇಧದ ಬಳಿಕ.

ಪೋರ್ಚುಗಲ್ 1773ರಲ್ಲಿ ನವ, ಹಳೆ ಎಂಬ ಭೇದವನ್ನು ಕಾನೂನಿನಿಂದ ತೆಗೆದುಹಾಕಿತು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ‘ನೋಸ್ತ್ರಾ ಏತಾತೆ’ ಘೋಷಣೆಯಲ್ಲಿ ಯೆಹೂದಿ ದ್ವೇಷವನ್ನು ಖಂಡಿಸಿತು.

ಇಂದು ‘ನವಕ್ರೈಸ್ತ’ ಇತಿಹಾಸ ಬರಹದ ಪದ. ತಾವೇ ಬಯಸಿ ಮತಾಂತರಗೊಂಡವರಿಗೆ ಇದನ್ನು ಬಳಸುವುದು ಸರಿಯಲ್ಲ. ಬಲವಂತವೂ ವಂಶದ ಕಳಂಕವೂ ಇದರ ಅರ್ಥದಲ್ಲೇ ಸೇರಿವೆ.