ಮಗು ಕಾಣದಿದ್ದರೆ ಕಾಯಬೇಡಿ: ಈ ನಿಯಮ ಬಂದ ಕಥೆ

ನಮ್ಮ ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಮಗು ಕಾಣದಿದ್ದರೆ ನಾವು ಮೊದಲು ಹುಡುಕುವುದು ತೋಟ, ಕೆರೆ ದಂಡೆ, ನೆಂಟರ ಮನೆ. ಆಮೇಲೆ ಬಸ್ ಸ್ಟ್ಯಾಂಡ್. ಪೊಲೀಸ್ ಠಾಣೆ ನೆನಪಾಗುವುದು ಕೊನೆಗೆ. "ಎಲ್ಲಿಗೆ ಹೋಗ್ತಾನೆ, ಹೊಟ್ಟೆ ಹಸಿದ್ರೆ ಬರ್ತಾನೆ ಬಿಡು" ಅನ್ನುವಷ್ಟರಲ್ಲಿ ಒಂದು ರಾತ್ರಿ ಕಳೆದಿರುತ್ತದೆ.

ಹಿಂದೆ ದೇಶದ ಎಷ್ಟೋ ಠಾಣೆಗಳಲ್ಲೂ ಇದೇ ಮಾತು. ಹೆಸರು ಬರೆದುಕೊಂಡು, "ಒಂದು ದಿನ ನೋಡಿ" ಎಂದು ಕಳಿಸುತ್ತಿದ್ದರು. ಹೀಗೆ ಕಾಯುವುದರ ಬೆಲೆ 2006ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ದೆಹಲಿ ಪಕ್ಕದ ನೊಯ್ಡಾದ ನಿಠಾರಿಯಲ್ಲಿ, ಮನೆಯೊಂದರ ಬಳಿಯ ಚರಂಡಿಯಲ್ಲಿ ಮಕ್ಕಳ ಮೂಳೆಗಳು ಸಿಕ್ಕವು. ನಮ್ಮ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಆ ಬಡ ತಂದೆತಾಯಿಗಳು ಅತ್ತರು.

2012ರಲ್ಲಿ 'ಬಚ್‌ಪನ್ ಬಚಾವೋ ಆಂದೋಲನ' ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಮೇ 10ರಂದು ಕೋರ್ಟ್ ಆದೇಶ ಕೊಟ್ಟಿತು: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು. ಬೇರೆ ಕಾರಣ ಗೊತ್ತಾಗುವವರೆಗೆ ಅದನ್ನು ಅಪಹರಣ ಅಥವಾ ಕಳ್ಳಸಾಗಣೆ ಎಂದೇ ತಿಳಿದು ತನಿಖೆ ಮಾಡಬೇಕು. 2016ರ ಬಾಲನ್ಯಾಯ ನಿಯಮಗಳು ಇನ್ನೊಂದು ಮಾತು ಸೇರಿಸಿದವು: ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು.

ಮಗು ಸಿಕ್ಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಯಾವುದೋ ರೈಲ್ವೆ ಸ್ಟೇಷನ್ನಿನಲ್ಲಿ ಒಂಟಿಯಾಗಿ ಸಿಕ್ಕ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿ ಜಿಲ್ಲಾ ಮಟ್ಟದ್ದು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕಿಗೆ ಈಗ ದಾವಣಗೆರೆಯ ಸಮಿತಿ. ಮಗು ಮನೆ ಬಿಟ್ಟಿದ್ದು ಯಾಕೆ ಎಂದು ಸಮಿತಿ ವಿಚಾರಿಸುತ್ತದೆ. ಹೊಡೆತಕ್ಕೆ ಹೆದರಿಯೋ, ಮದುವೆ ಮಾಡಿಬಿಡುತ್ತಾರೆ ಎಂದೋ ಓಡಿದ ಮಗುವನ್ನು ಸುಮ್ಮನೆ ಅದೇ ಮನೆಗೆ ಬಿಟ್ಟುಬರುವಂತಿಲ್ಲ.

ಆಮೇಲೆ 1098. 1996ರಲ್ಲಿ ಮುಂಬೈಯಲ್ಲಿ ಬೀದಿಮಕ್ಕಳಿಗಾಗಿ ಶುರುವಾದ ಈ ಸಹಾಯವಾಣಿಯನ್ನು ಈಗ ಸರ್ಕಾರವೇ ನಡೆಸುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಇಷ್ಟೆಲ್ಲ ಬಂದರೂ ಆ ಮೊದಲ ರಾತ್ರಿ ಇನ್ನೂ ನಮ್ಮ ಕೈಯಲ್ಲೇ ಇದೆ. ಊರವರೆಲ್ಲ ತೋಟ, ಕೆರೆ ಹುಡುಕಲಿ. ಒಬ್ಬರು ಮಾತ್ರ ಮಗುವಿನ ಫೋಟೊ ಹಿಡಿದು ಆಗಲೇ ಹತ್ತಿರದ ಠಾಣೆಗೆ ಹೊರಡಲಿ. ಉಟ್ಟ ಬಟ್ಟೆಯ ಬಣ್ಣ ಹೇಳಲಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಲಿ. ಅಷ್ಟರಲ್ಲಿ ಮಗು ತಾನೇ ಮನೆಗೆ ಬಂದರೆ, ಠಾಣೆಗೆ ಹೋದ ಒಂದು ದಾರಿ ದಂಡವಾಯಿತು, ಅಷ್ಟೇ.